ಪಾಸ್‌ವರ್ಡ್ ಸರಿ ಇದೆ, ಫೈಲ್ ಮಾತ್ರ ಹೋಗಲ್ಲ

ಬೆಳಗಾವಿಯ ಉದ್ಯಮಬಾಗದ ಒಂದು ಮಷೀನ್ ಶಾಪ್‌ನಿಂದ ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಕಂಪ್ಯೂಟರ್ ಪರದೆಗೆ ಮೊಬೈಲ್ ಹಿಡಿದು ತೆಗೆದ, ಅರ್ಧ ಅಲುಗಾಡಿದ ಫೋಟೋ. ಅದರಲ್ಲಿ ಓದಲು ಬರುತ್ತಿದ್ದದ್ದು ಒಂದೇ ಸಾಲು: 'ರಿಸೀವ್ಡ್ ಮೆಸೇಜ್ ಟೂ ಲಾಂಗ್ 1416128883'. ಕೆಳಗೆ ಅಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಹುಡುಗನ ಮಾತು: "ಸರ್, ಫೈಲ್ ಭಾಳ ದೊಡ್ಡದಾಗೈತಿ ಅನ್ನಾಕತ್ತೈತ್ರಿ. ಝಿಪ್ ಮಾಡಿದೆ, ಆದ್ರೂ ಹೋಗವಲ್ದು."

ಅವನು ಕಳಿಸುತ್ತಿದ್ದದ್ದು ಒಂದು ಎರಕದ ತುಂಡಿನ ತಪಾಸಣೆ ರಿಪೋರ್ಟ್. ಪಿಡಿಎಫ್, ಹೆಚ್ಚೆಂದರೆ 200 ಕೆಬಿ. ಆ ಸಂಖ್ಯೆಯನ್ನು ಬೈಟ್ ಅಂತ ಓದಿದರೆ ಒಂದೂಕಾಲು ಜಿಬಿಗಿಂತ ಜಾಸ್ತಿ ಆಗುತ್ತದೆ. ಅಂದರೆ ಈ ಸಾಲು ಅವನ ಫೈಲಿನ ಬಗ್ಗೆ ಹೇಳುತ್ತಲೇ ಇಲ್ಲ. ಹಾಗಾದರೆ ಯಾವುದರ ಬಗ್ಗೆ? ಅದನ್ನು ಬಿಡಿಸಲು ಹೋಗಿ ನನಗೆ ನಾಲ್ಕು ದಿನ ಹಿಡಿಯಿತು. ಒಂದು ಗಂಟು ಬಿಚ್ಚಿದರೆ ಅದರ ಹಿಂದೆ ಇನ್ನೊಂದು. ಗಿರಾಕಿ ಕಂಪನಿ ಕೊಟ್ಟ ಇಂಥ ಕಟ್ಟಿಹಾಕಿದ ಅಕೌಂಟ್ ಇಟ್ಟುಕೊಂಡು ಒದ್ದಾಡುವವರು ನಮ್ಮ ಊರಲ್ಲಿ ಇನ್ನೂ ತುಂಬ ಜನ ಇದ್ದಾರೆ ಅಂತ ಗೊತ್ತಿದೆ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಇಂಥ ಅಕೌಂಟ್ ಅಂದರೆ ಏನು ಅಂತ ನೋಡೋಣ. ದೊಡ್ಡ ಗಿರಾಕಿ ಕಂಪನಿಗಳು ರಿಪೋರ್ಟ್, ಡ್ರಾಯಿಂಗ್, ಬಿಲ್ ಎಲ್ಲ ತಮ್ಮ ಸರ್ವರ್‌ಗೇ ಹಾಕಿ ಅನ್ನುತ್ತವೆ. ಅದಕ್ಕೊಂದು ಯೂಸರ್ ಹೆಸರು ಕೊಡುತ್ತವೆ. ಆದರೆ ನಿಮ್ಮನ್ನು ಸರ್ವರ್ ಒಳಗೆಲ್ಲ ಓಡಾಡಲು ಬಿಡುವುದಿಲ್ಲ, ಬಿಡಬಾರದು ಕೂಡ. ನಮ್ಮ ಕಡೆ ಹಳೇ ಮನೆಗಳಲ್ಲಿ ಪಡಸಾಲೆ ಇರುತ್ತದಲ್ಲ, ಹಾಗೆ. ಬಂದವರು ಅಲ್ಲಿವರೆಗೆ ಬರಬಹುದು, ತಂದದ್ದನ್ನು ಇಟ್ಟು ಹೋಗಬಹುದು, ಅಡುಗೆಮನೆಗೆ ಪ್ರವೇಶವಿಲ್ಲ. ಸರ್ವರ್‌ನಲ್ಲಿ ಈ ಕಟ್ಟುಪಾಡನ್ನು ಸಾಮಾನ್ಯವಾಗಿ ಶೆಲ್ ಮೇಲೆ ಹಾಕುತ್ತಾರೆ. ಲಾಗಿನ್ ಆದ ಮೇಲೆ ನಿಮ್ಮ ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಮ್ ಶೆಲ್. ಅದನ್ನೇ ಕೈಕಾಲು ಕಟ್ಟಿದಂತೆ ಮಾಡಿಬಿಟ್ಟರೆ ನಿರ್ಬಂಧಿತ ಅಕೌಂಟ್ ರೆಡಿ.

ಎಲ್ಲರೂ ಎಡವುವುದು ಇಲ್ಲೇ. "ನಾನು ಶೆಲ್ ಬಳಸ್ತಾನೇ ಇಲ್ಲ, ಸುಮ್ನೆ ಫೈಲ್ ಕಳಿಸ್ತಾ ಇದ್ದೀನಿ, ಶೆಲ್ ಕಟ್ಟಿದರೆ ನನಗೇನು?" ಅಂತ ಅನಿಸುತ್ತದೆ. ಆದರೆ ಫೈಲ್ ಕಳಿಸುವುದು ಕೂಡ ಆ ಕಡೆ ಒಂದು ಕಮಾಂಡ್ ಓಡಿಸುವುದೇ. ನೀವು ಎಸ್‌ಎಫ್‌ಟಿಪಿ (ಫೈಲ್ ಕಳಿಸುವ ಒಂದು ವಿಧಾನ) ಅಂದಾಗ, ದೂರದಿಂದ ಬಂದವರನ್ನು ಒಳಗೆ ಬಿಡುವ ಆ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಮ್ ನಿಮ್ಮ ಪಾಸ್‌ವರ್ಡ್ ನೋಡಿ ಒಪ್ಪುತ್ತದೆ, ಆಮೇಲೆ ನಿಮ್ಮ ಹೆಸರಿನ ಮುಂದೆ ಯಾವ ಶೆಲ್ ಬರೆದಿದೆಯೋ ಅದನ್ನು ಕರೆದು "ಎಸ್‌ಎಫ್‌ಟಿಪಿ ಸರ್ವರ್ ಅನ್ನೋ ಪ್ರೋಗ್ರಾಮ್ ಓಡಿಸಪ್ಪಾ" ಅನ್ನುತ್ತದೆ. ಶೆಲ್ ಒಪ್ಪಿದರೆ ಫೈಲ್ ಹೋಗುತ್ತದೆ. ಒಪ್ಪದಿದ್ದರೆ ಪಾಸ್‌ವರ್ಡ್ ಸರಿ ಇದ್ದೂ ಏನೂ ಆಗುವುದಿಲ್ಲ. ಇದೊಂದು ತಲೆಯಲ್ಲಿ ಇದ್ದರೆ ಮುಂದಿನದ್ದು ಅರ್ಧ ತಾನಾಗಿಯೇ ಅರ್ಥವಾಗುತ್ತದೆ.

ಈಗ ಆ ಸಂಖ್ಯೆಗೆ ಬರೋಣ. ಎಸ್‌ಎಫ್‌ಟಿಪಿಯಲ್ಲಿ ಎರಡೂ ಕಡೆಯವರು ಕಟ್ಟು ಕಟ್ಟಾಗಿ ಮಾತಾಡುತ್ತಾರೆ. ಪ್ರತಿ ಕಟ್ಟಿನ ಮೊದಲ 4 ಬೈಟ್ ಅಂದರೆ "ಇದರ ಹಿಂದೆ ಇಷ್ಟು ಉದ್ದದ ಸಂದೇಶ ಬರ್ತಾ ಇದೆ" ಅನ್ನುವ ಲೆಕ್ಕ. ನಿಮ್ಮ ಕಡೆಯ ಪ್ರೋಗ್ರಾಮ್ ಕಣ್ಣು ಮುಚ್ಚಿ ಮೊದಲ 4 ಬೈಟನ್ನು ಸಂಖ್ಯೆ ಅಂತಲೇ ಓದುತ್ತದೆ. ಅಲ್ಲಿ ಸಂಖ್ಯೆಯ ಬದಲು ಇಂಗ್ಲಿಷ್ ಅಕ್ಷರ ಬಂದರೂ ಸಂಖ್ಯೆ ಅಂತಲೇ ಓದುತ್ತದೆ, ಅದಕ್ಕೇನು ಗೊತ್ತು. ವಿಂಡೋಸ್‌ನ ಕ್ಯಾಲ್ಕುಲೇಟರ್ ತೆಗೆದು, ಪ್ರೋಗ್ರಾಮರ್ ಮೋಡ್‌ಗೆ ಹಾಕಿ, 1416128883 ಒತ್ತಿ, ಹೆಕ್ಸ್ ಸಾಲು ನೋಡಿ. 5468 6973 ಅಂತ ಬರುತ್ತದೆ, ಎರಡೆರಡಾಗಿ ಒಡೆದರೆ 54 68 69 73. ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಟ್ಟ ಆಸ್ಕಿ ಪಟ್ಟಿಯಲ್ಲಿ 54 ಅಂದರೆ ದೊಡ್ಡ ಟಿ, 68 ಸಣ್ಣ ಎಚ್, 69 ಐ, 73 ಎಸ್. 'ದಿಸ್'!

ಯಾರೋ ಆ ಕಡೆಯಿಂದ 'ದಿಸ್...' ಅಂತ ಒಂದು ವಾಕ್ಯ ಶುರು ಮಾಡಿದ್ದಾರೆ. ಲಿನಕ್ಸ್ ಬಳಸಿದವರಿಗೆ ಆ ವಾಕ್ಯ ಬಾಯಿಪಾಠ: 'ದಿಸ್ ಅಕೌಂಟ್ ಈಸ್ ಕರೆಂಟ್ಲಿ ನಾಟ್ ಅವೈಲಬಲ್'. ನೋಲಾಗಿನ್ ಅನ್ನುವ ಪುಟ್ಟ ಪ್ರೋಗ್ರಾಮ್ ಇದನ್ನು ಮುದ್ರಿಸಿ ಸುಮ್ಮನಾಗುತ್ತದೆ, ಅದರ ಕೆಲಸವೇ ಅಷ್ಟು. ಅಂದರೆ ಗಿರಾಕಿ ಕಂಪನಿಯಲ್ಲಿ ಯಾರೋ ಭದ್ರತೆ ಬಿಗಿ ಮಾಡಲು ಹೊರಗಿನವರ ಅಕೌಂಟ್‌ಗಳ ಶೆಲ್ ತೆಗೆದು ನೋಲಾಗಿನ್ ಇಟ್ಟಿದ್ದಾರೆ. ಎಸ್‌ಎಫ್‌ಟಿಪಿ ಕೂಡ ಅದೇ ಬಾಗಿಲಿಂದ ಹೋಗುತ್ತದೆ ಅನ್ನುವುದು ಮರೆತಿದೆ. ನಮ್ಮ ಹುಡುಗ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಬ್ಯಾಚ್ ಫೈಲ್‌ನಿಂದ ಕಳಿಸುತ್ತಿದ್ದ, ಅದಕ್ಕೇ ಬರೀ ಸಂಖ್ಯೆ ಕಂಡಿತು. ವಿಂಡೋಸ್‌ನಲ್ಲಿ ಫೈಲ್ ಕಳಿಸುವ ವಿನ್‌ಎಸ್‌ಸಿಪಿ ಪ್ರೋಗ್ರಾಮ್ ಬಳಸಿದ್ದರೆ ಅದೇ ಅಕ್ಷರ ಬಿಡಿಸಿ, ಸಂದೇಶ ಹೀಗೆ ಶುರುವಾಗಿರಬಹುದು ಅಂತ ತೋರಿಸುತ್ತದೆ. ಒಳ್ಳೇ ಬುದ್ಧಿ ಅದಕ್ಕೆ.

ಇದೇ ಕಾಯಿಲೆಯ ಇನ್ನೊಂದು ರೂಪ ಇದೆ. ಶೆಲ್ ಸರಿಯಾಗಿಯೇ ಇರುತ್ತದೆ, ಆದರೆ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಯಾರೋ ಪ್ರೀತಿಯಿಂದ ಒಂದು ಸ್ವಾಗತದ ಸಾಲು ಬರೆದಿರುತ್ತಾರೆ. ಮನುಷ್ಯ ಲಾಗಿನ್ ಆದರೆ ಚಂದ ಕಾಣುತ್ತದೆ, ಫೈಲ್ ಕಳಿಸುವ ಪ್ರೋಗ್ರಾಮ್‌ಗೆ ಅದು ಬಾಯಿಗೆ ಸಿಕ್ಕ ಕಲ್ಲು. ಕನ್ನಡದಲ್ಲಿ 'ನಮಸ್ಕಾರ' ಅಂತ ಬರೆದರೆ ಏನಾಗುತ್ತದೆ ಅಂತ ಕುತೂಹಲಕ್ಕೆ ಲೆಕ್ಕ ಹಾಕಿದೆ: 3769805024. ಕಂಪ್ಯೂಟರ್ ಕನ್ನಡವನ್ನು ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಎಲ್ಲ ಮೂಲಾಕ್ಷರಗಳ ಮೊದಲ ಎರಡು ಬೈಟ್ ಒಂದೇ, ಹಾಗಾಗಿ ನಿಮಗೆ 376979 ಅಥವಾ 376980ರಿಂದ ಶುರುವಾಗುವ ಹತ್ತಂಕಿಯ ಸಂಖ್ಯೆ ಕಂಡರೆ ಆ ಸರ್ವರ್‌ನಲ್ಲಿ ಒಬ್ಬ ಕನ್ನಡಾಭಿಮಾನಿ ಇದ್ದಾನೆ ಅಂತ ತಿಳಿಯಿರಿ. ಅವನಿಗೆ ಹೇಳಬೇಕಾದ್ದು ಇಷ್ಟೇ, ಎದುರಿಗೆ ಮನುಷ್ಯ ಕೂತಿದ್ದಾನೋ ಇಲ್ಲವೋ ಅಂತ ಪರೀಕ್ಷಿಸುವ ಸಾಲಿನ ಕೆಳಗೆ ಸ್ವಾಗತ ಬರೆಯಪ್ಪಾ. ಡೆಬಿಯನ್, ಉಬುಂಟು ಅನ್ನುವ ಲಿನಕ್ಸ್‌ಗಳ ಬ್ಯಾಶ್‌ಆರ್‌ಸಿಯಲ್ಲಿ ಆ ಪರೀಕ್ಷೆ ಮೊದಲೇ ಬರೆದೇ ಇರುತ್ತದೆ, ಜನ ಅದರ ಮೇಲೆ ಬರೆದು ಕೆಡಿಸುತ್ತಾರೆ.

ಪರೀಕ್ಷೆ ಸುಲಭ. ಎಸ್‌ಎಸ್‌ಎಚ್ ಕಮಾಂಡ್ ಬರೆದು, ಕೊನೆಗೆ 'ಟ್ರೂ' ಅನ್ನುವ ಏನೂ ಮಾಡದ ಕಮಾಂಡ್ ಸೇರಿಸಿ. ಪಾಸ್‌ವರ್ಡ್ ಕೊಟ್ಟ ಮೇಲೆ ಪರದೆ ಮೇಲೆ ಏನೂ ಬರಬಾರದು. ಒಂದಕ್ಷರ ಬಂದರೂ ಅದೇ ಕಳ್ಳ.

ನೋಲಾಗಿನ್ ಬಿಟ್ಟರೆ ಹೆಚ್ಚಾಗಿ ಸಿಗುವುದು ಆರ್‌ಬ್ಯಾಶ್. ಬ್ಯಾಶ್ ಶೆಲ್‌ನದೇ ಕಟ್ಟಿಹಾಕಿದ ರೂಪ. ಫೋಲ್ಡರ್ ಬದಲಿಸುವಂತಿಲ್ಲ, ಪಾತ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಬದಲಿಸುವಂತಿಲ್ಲ, ಫಲಿತಾಂಶವನ್ನು ಫೈಲ್‌ಗೆ ಬರೆಸುವಂತಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಕಮಾಂಡ್ ಹೆಸರಿನಲ್ಲಿ ಓರೆಗೆರೆ ಇರುವಂತಿಲ್ಲ. ಈ ಕೊನೆಯದ್ದೇ ಎಸ್‌ಎಫ್‌ಟಿಪಿಯನ್ನು ಕೊಲ್ಲುವುದು. ಯಾಕೆಂದರೆ ಎಸ್‌ಎಸ್‌ಎಚ್ ಕರೆಯುವಾಗ ಎಸ್‌ಎಫ್‌ಟಿಪಿ ಸರ್ವರ್‌ನ ಪೂರ್ತಿ ವಿಳಾಸ ಕೊಟ್ಟು ಕರೆಯುತ್ತದೆ, ಅದರಲ್ಲಿ ಮೂರು ನಾಲ್ಕು ಓರೆಗೆರೆ ಇದ್ದೇ ಇರುತ್ತವೆ. ಆರ್‌ಬ್ಯಾಶ್ "ಓರೆಗೆರೆ ಇದೆ, ಆಗಲ್ಲ" ಅನ್ನುತ್ತದೆ. ಫೈಲ್ ಕಳಿಸುವ ಇನ್ನೊಂದು ಕಮಾಂಡ್ ಎಸ್‌ಸಿಪಿ, ಅದರ ಹಳೇ ವಿಧಾನ ಮಾತ್ರ ಬರೀ ಹೆಸರು ಹೇಳಿ ಕರೆಯುವುದರಿಂದ ಪಾರಾಗುತ್ತದೆ. ಅದೂ ಆ ಅಕೌಂಟ್‌ಗೆ ಬಿಟ್ಟ ಪಾತ್‌ನಲ್ಲಿ ಎಸ್‌ಸಿಪಿ ಪ್ರೋಗ್ರಾಮ್ ಇದ್ದರೆ. ಇಲ್ಲದಿದ್ದರೆ 'ಕಮಾಂಡ್ ನಾಟ್ ಫೌಂಡ್', ಎಕ್ಸಿಟ್ ಸ್ಟೇಟಸ್ 127. ಬದಲಾದ ಫೈಲ್ ಮಾತ್ರ ಕಳಿಸುವ ಆರ್‌ಸಿಂಕ್ ಕಥೆಯೂ ಅದೇ, ಆ ಕಡೆಯೂ ಆರ್‌ಸಿಂಕ್ ಇರಬೇಕು ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಆರ್‌ಎಸ್‌ಎಸ್‌ಎಚ್ ಅಂತ ಇದಕ್ಕೆಂದೇ ಮಾಡಿದ ಶೆಲ್ ಒಂದಿತ್ತು. 2019ರಲ್ಲಿ ಅದರಲ್ಲಿ ಭದ್ರತೆಯ ತೂತುಗಳು ಸಿಕ್ಕವು, ಅದನ್ನು ನೋಡಿಕೊಳ್ಳುವವರೂ ಈಗಿಲ್ಲ. ಯಾರಾದರೂ ಇನ್ನೂ ಅದನ್ನೇ ಇಟ್ಟುಕೊಂಡಿದ್ದರೆ ಬಿಡಲು ಹೇಳಿ.

ಎಸ್‌ಸಿಪಿಯ ಮಾತು ಬಂತಲ್ಲ, ಅಲ್ಲೊಂದು ದೊಡ್ಡ ಗೊಂದಲ ಇದೆ. "ನಿನ್ನೆ ತನಕ ಹೋಗ್ತಿತ್ತು, ಕಂಪ್ಯೂಟರ್ ಅಪ್‌ಡೇಟ್ ಆದ ಮೇಲೆ ಹೋಗ್ತಿಲ್ಲ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಎಸ್‌ಸಿಪಿ ಹಳೇ ಕಾಲದ ಆರ್‌ಸಿಪಿಯ ಮೊಮ್ಮಗ, ಆ ಕಡೆ ಶೆಲ್ ಇದೆ ಅನ್ನುವ ಭರವಸೆಯ ಮೇಲೇ ಅದರ ಬದುಕು. ಹೆಚ್ಚಿನವರು ಬಳಸುವ ಎಸ್‌ಎಸ್‌ಎಚ್ ಪ್ರೋಗ್ರಾಮ್ ಓಪನ್‌ಎಸ್‌ಎಸ್‌ಎಚ್. 2022ರ ಏಪ್ರಿಲ್‌ನಲ್ಲಿ ಬಂದ ಅದರ 9.0ರಿಂದ ಎಸ್‌ಸಿಪಿ ಕಮಾಂಡ್ ಹೆಸರು ಹಾಗೇ ಇಟ್ಟುಕೊಂಡು ಒಳಗೆ ಎಸ್‌ಎಫ್‌ಟಿಪಿ ಮಾತಾಡಲು ಶುರು ಮಾಡಿತು. ಉಬುಂಟು 22.04ರಲ್ಲಿ ಇರುವುದು 8.9, 24.04ರಲ್ಲಿ 9.6. ಹಾಗಾಗಿ ಉಬುಂಟು ಬದಲಿಸಿದ ದಿನವೇ ನಿಮ್ಮ ಎಸ್‌ಸಿಪಿ ಭಾಷೆ ಬದಲಿಸಿತು, ನಿಮಗೆ ಹೇಳದೇ. ಸರ್ವರ್ ಹಳೇ ಎಸ್‌ಸಿಪಿಗೆ ಮಾತ್ರ ಅವಕಾಶ ಕೊಟ್ಟಿದ್ದರೆ ಈಗ ಕೆಲಸ ನಿಲ್ಲುತ್ತದೆ. ಆಗ ಕಮಾಂಡ್‌ಗೆ ಮೈನಸ್ ಹಾಕಿ ದೊಡ್ಡ ಓ ಅಕ್ಷರ ಸೇರಿಸಿದರೆ ಹಳೇ ಭಾಷೆಗೆ ಮರಳುತ್ತದೆ. ತಿರುಗಾಮುರುಗಾ ಕೂಡ ಆಗುತ್ತದೆ: ನಿಮ್ಮ ಕಡೆ ಹಳೇ ಎಸ್‌ಸಿಪಿ, ಆ ಕಡೆ ಎಸ್‌ಎಫ್‌ಟಿಪಿ ಮಾತ್ರ. ಆಗ 'ದಿಸ್ ಸರ್ವಿಸ್ ಅಲೌಸ್ ಎಸ್‌ಎಫ್‌ಟಿಪಿ ಕನೆಕ್ಷನ್ಸ್ ಓನ್ಲಿ' ಅಂತ ಬರುತ್ತದೆ. ಇದೂ 'ದಿಸ್' ಅಂತಲೇ ಶುರುವಾಗುತ್ತದೆ ನೋಡಿ, ಮೊದಲ ಮೂರು ಪದ ನೋಡದೇ ತೀರ್ಮಾನಿಸಬೇಡಿ.

ಪೋರ್ಟ್ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ಎಸ್‌ಎಸ್‌ಎಚ್‌ಗೆ ಸಣ್ಣ ಪಿ, ಎಸ್‌ಸಿಪಿಗೂ ಎಸ್‌ಎಫ್‌ಟಿಪಿಗೂ ದೊಡ್ಡ ಪಿ. ಎಸ್‌ಸಿಪಿಗೆ ಸಣ್ಣ ಪಿ ಹಾಕಿ 2222 ಅಂತ ಬರೆದರೆ ಅದು 2222 ಅನ್ನುವ ಹೆಸರಿನ ಫೈಲ್ ಹುಡುಕಲು ಹೋಗುತ್ತದೆ.

ಸರಿ, ನಮ್ಮ ಮಷೀನ್ ಶಾಪ್ ಕಥೆ ಮುಂದುವರಿಸೋಣ. ನಾನು ಆ ಸಂಖ್ಯೆ, ಅದರ ಅರ್ಥ ಎಲ್ಲ ಬರೆದು ಗಿರಾಕಿ ಕಂಪನಿಗೆ ಕಳಿಸಿದೆ. ಮರುದಿನ ಅವರು ಇಂಟರ್ನಲ್ ಎಸ್‌ಎಫ್‌ಟಿಪಿ ಹಾಕಿದರು. ಇದು ಸರಿಯಾದ ದಾರಿ. ಎಸ್‌ಎಸ್‌ಎಚ್ ಪ್ರೋಗ್ರಾಮ್ ಒಳಗೇ ಎಸ್‌ಎಫ್‌ಟಿಪಿ ಕೂಡಿಸಿಟ್ಟಿರುತ್ತದೆ, ಶೆಲ್ ಅನ್ನು ಕರೆಯುವ ಪ್ರಶ್ನೆಯೇ ಬರುವುದಿಲ್ಲ, ಹಾಗಾಗಿ ನೋಲಾಗಿನ್ ಹಾಗೇ ಇದ್ದರೂ ನಡೆಯುತ್ತದೆ. ಜೊತೆಗೆ ಸಿಎಚ್‌ರೂಟ್ ಕೂಡ ಹಾಕಿದರು. ಅಂದರೆ ಪಡಸಾಲೆಯನ್ನೇ ಇಡೀ ಮನೆ ಅಂತ ನಂಬಿಸುವ ಏರ್ಪಾಡು, ಬಂದವನಿಗೆ ಒಳಗಿನ ಕೋಣೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಸಿಎಚ್‌ರೂಟ್ ಯೂನಿಕ್ಸ್‌ಗೆ ಬಂದದ್ದು 1979ರಲ್ಲಿ, ಎಸ್‌ಎಸ್‌ಎಚ್ ಹುಟ್ಟಿದ್ದೇ 1995ರಲ್ಲಿ. ಓಪನ್‌ಎಸ್‌ಎಸ್‌ಎಚ್‌ಗೆ ಈ ಎರಡೂ ಸೌಲಭ್ಯ ಸೇರಿದ್ದು 2008ರಲ್ಲಿ.

ಹುಡುಗನ ಫೋನ್ ಬಂತು. "ಸರ್, ಈಗ ಪಾಸ್‌ವರ್ಡ್ ತಗೋತೈತ್ರಿ, ತಗೊಂಡ ಕೂಡ್ಲೇ ಕಟ್ ಆಗ್ತೈತಿ."

ಪಾಸ್‌ವರ್ಡ್ ಒಪ್ಪಿ ತಕ್ಷಣ 'ಕನೆಕ್ಷನ್ ಕ್ಲೋಸ್ಡ್' ಅಥವಾ 'ಬ್ರೋಕನ್ ಪೈಪ್' ಬಂದರೆ ನೂರಕ್ಕೆ ತೊಂಬತ್ತು ಸಲ ನಾನು ಮೊದಲು ಅನುಮಾನಿಸುವುದು ಫೋಲ್ಡರ್‌ನ ಮಾಲೀಕತ್ವವನ್ನು. ನಿಯಮ ಕಟ್ಟುನಿಟ್ಟು: ಸಿಎಚ್‌ರೂಟ್ ಮಾಡಿದ ಫೋಲ್ಡರ್, ಅದರ ಮೇಲಿನದ್ದು, ಅದರ ಮೇಲಿನದ್ದು, ಹೀಗೆ ತುದಿವರೆಗೆ ಎಲ್ಲದಕ್ಕೂ ರೂಟೇ (ಸರ್ವರ್‌ನ ಎಲ್ಲ ಅಧಿಕಾರ ಇರುವ ಯೂಸರ್) ಮಾಲೀಕ ಆಗಿರಬೇಕು, ಬೇರೆ ಯಾರಿಗೂ ಅಲ್ಲಿ ಬರೆಯುವ ಹಕ್ಕು ಇರಬಾರದು, ಗ್ರೂಪ್‌ಗೂ ಇಲ್ಲ. ಹಕ್ಕಿನ ಅಂಕಿಯಲ್ಲಿ ಹೇಳುವುದಾದರೆ 755 (ಮಾಲೀಕ ಮಾತ್ರ ಬರೆಯಬಹುದು) ನಡೆಯುತ್ತದೆ, 775 (ಗ್ರೂಪ್ ಕೂಡ ಬರೆಯಬಹುದು) ನಡೆಯಲ್ಲ. ಯಾಕಿಷ್ಟು ಜಿಗುಟುತನ ಅಂದರೆ, ಬಂದವನಿಗೆ ಆ 'ಮನೆ'ಯ ಬುಡದಲ್ಲೇ ಬರೆಯಲು ಬಿಟ್ಟರೆ ಅವನು ತನ್ನದೇ ನಕಲಿ ಪಾಸ್‌ವರ್ಡ್ ಪಟ್ಟಿ, ನಕಲಿ ಲೈಬ್ರರಿ ಇಟ್ಟು ಒಳಗೆ ಓಡುವ ಪ್ರೋಗ್ರಾಮ್‌ಗಳನ್ನು ಯಾಮಾರಿಸಬಹುದು. ಅದಕ್ಕೇ ಎಸ್‌ಎಸ್‌ಎಚ್ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ಇದರಲ್ಲಿ ತಮಾಷೆ ಏನೆಂದರೆ ಫೈಲ್ ಹೋಗದಿದ್ದಾಗ ಎಲ್ಲರೂ ಮಾಡುವ ಮೊದಲ ಮದ್ದು 777. ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟುಬಿಡು, ಹೋಗುತ್ತದೆ. ಇಲ್ಲಿ ಅದೇ ವಿಷ. ಹಕ್ಕು ಜಾಸ್ತಿ ಕೊಟ್ಟಷ್ಟೂ ಬಾಗಿಲು ಗಟ್ಟಿಯಾಗಿ ಮುಚ್ಚುತ್ತದೆ. ನಮಗೆ ಆದದ್ದೂ ಅದೇ, ಆ ಕಡೆಯವರು 'ಅನುಕೂಲ ಆಗಲಿ' ಅಂತ 777 ಕೊಟ್ಟಿದ್ದರು.

ಇದು ನಿಮ್ಮ ಕಡೆಯಿಂದ ಗೊತ್ತಾಗುವುದಿಲ್ಲ ಅನ್ನುವುದು ಬೇಜಾರಿನ ವಿಷಯ. ಮೈನಸ್ ಹಾಕಿ ಮೂರು ಸಲ ವಿ ಒತ್ತಿ ಓಡಿಸಿದರೆ ಪುಟಗಟ್ಟಲೆ ಮಾಹಿತಿ ಬರುತ್ತದೆ. ಲಾಗಿನ್ ಆಯಿತು ಅನ್ನುವವರೆಗೆ ತೋರಿಸಿ ಆಮೇಲೆ ಮೌನ. ನಿಜವಾದ ಕಾರಣ ಆ ಕಡೆಯ ಲಾಗ್‌ನಲ್ಲಿ ಒಂದೇ ಸಾಲಲ್ಲಿ ಇರುತ್ತದೆ: 'ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಸಿಎಚ್‌ರೂಟ್ ಡೈರೆಕ್ಟರಿ'. ಉಬುಂಟು, ಹಳೇ ಡೆಬಿಯನ್‌ಗಳಲ್ಲಿ ಆಥ್ ಲಾಗ್‌ನಲ್ಲಿ, ರೆಡ್ ಹ್ಯಾಟ್ ಕುಟುಂಬದಲ್ಲಿ ಸೆಕ್ಯೂರ್ ಅನ್ನುವ ಲಾಗ್‌ನಲ್ಲಿ. ಅದಕ್ಕೇ ಸರ್ವರ್‌ನವರಿಗೆ ಬರೆಯುವಾಗ "ಹೋಗ್ತಿಲ್ಲ, ನೋಡಿ" ಅಂತ ಮಾತ್ರ ಬರೆಯಬೇಡಿ. ಯಾವ ಯೂಸರ್, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಪ್ರಯತ್ನಿಸಿದ್ದು, ನಿಮ್ಮ ಹೊರಗಿನ ಐಪಿ ಯಾವುದು ಇಷ್ಟು ಬರೆಯಿರಿ. ಅವರು ಲಾಗ್‌ನಲ್ಲಿ ಆ ನಿಮಿಷಕ್ಕೆ ನೇರ ಹೋಗುತ್ತಾರೆ. ಇಲ್ಲದಿದ್ದರೆ "ನಮ್ಮ ಕಡೆ ಎಲ್ಲ ಸರಿ ಇದೆ" ಅನ್ನುವ ಉತ್ತರ ಬರುತ್ತದೆ, ನನಗೂ ಮೊದಲ ಸಲ ಅದೇ ಬಂದದ್ದು.

ಅವರು ಆ ಹಕ್ಕುಗಳನ್ನು ಸರಿ ಮಾಡಿದ ಮೇಲೆ ಮೂರನೇ ದಿನ ಲಾಗಿನ್ ಆಯಿತು, ಕಟ್ ಆಗದೆ ಉಳಿಯಿತು. ಫೈಲ್ ಹಾಕಿದರೆ 'ಪರ್ಮಿಷನ್ ಡಿನೈಡ್'. ಇದು ಹಿಂದಿನ ಪರಿಹಾರದ ಬಾಲ. ಬುಡದಲ್ಲಿ ರೂಟ್ ಬಿಟ್ಟು ಯಾರೂ ಬರೆಯುವಂತಿಲ್ಲ ಅಂದಮೇಲೆ ನಮ್ಮ ಹುಡುಗನೂ ಬರೆಯುವಂತಿಲ್ಲ, ಅಲ್ವಾ? ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿ ಅದನ್ನು ಅವನ ಹೆಸರಿಗೆ ಮಾಡಬೇಕು, ಫೈಲ್ ಅಲ್ಲಿಗೆ ಹಾಕಬೇಕು. ಅವರು 'ಅಪ್‌ಲೋಡ್' ಅಂತ ಮಾಡಿಕೊಟ್ಟರು. ಆಗ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'! ಬ್ಯಾಚ್ ಫೈಲ್‌ನಲ್ಲಿ ಹಳೇ ಉದ್ದನೆ ವಿಳಾಸ ಹಾಗೇ ಇತ್ತು. ಪಡಸಾಲೆಯೇ ಮನೆ ಆದಮೇಲೆ ಊರು, ಓಣಿ, ಮನೆ ನಂಬರ್ ಎಲ್ಲ ಹೇಳಿದರೆ ಯಾರಿಗೂ ತಿಳಿಯಲ್ಲ, ಬುಡದಿಂದ ನೇರ 'ಅಪ್‌ಲೋಡ್' ಅಂದರೆ ಸಾಕು. ರೆಡ್ ಹ್ಯಾಟ್ ಕುಟುಂಬದ ಸರ್ವರ್ ಆಗಿದ್ದರೆ ಹಕ್ಕೆಲ್ಲ ಸರಿ ಇದ್ದೂ ಎಸ್‌ಇಲಿನಕ್ಸ್ ಅನ್ನುವ ಇನ್ನೊಂದು ಕಾವಲು ತಡೆಯಬಹುದು, ಅದನ್ನು ಆಡಿಟ್ ಲಾಗ್‌ನಲ್ಲಿ ಹುಡುಕಬೇಕು.

ಅದೂ ಆಯಿತು. ಹತ್ತು ಫೈಲ್‌ನಲ್ಲಿ ಒಂಬತ್ತು ಹೋದವು, ಒಂದು ಮಾತ್ರ 'ಬ್ಯಾಡ್ ಮೆಸೇಜ್' ಅಂದು ನಿಂತಿತು. ಇದು ನನಗೂ ಹೊಸದು. ಆ ಫೈಲ್ ಹೆಸರು ನೋಡಿದೆ: ಭಾಗದ ಹೆಸರು, ಗಿರಾಕಿ ಹೆಸರು, ಊರು, ತಾರೀಖು, ಯಾರು ಪರೀಕ್ಷಿಸಿದ್ದು, ಎಲ್ಲ ಕನ್ನಡದಲ್ಲಿ, ಒಂದು ಪ್ಯಾರಾ ಇದ್ದ ಹಾಗಿತ್ತು. ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್‌ಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. ಕಾಗುಣಿತದ ಗುರುತೂ ಒಂದು ಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರದ ಗುರುತೂ ಒಂದು. 'ಬೆಳಗಾವಿ' ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಕಂಪ್ಯೂಟರ್‌ಗೆ 7 ಚಿಹ್ನೆ, 21 ಬೈಟ್. ಒಟ್ಟು 85 ಚಿಹ್ನೆ ದಾಟಿದರೆ ಮುಗಿಯಿತು. ವಿಂಡೋಸ್‌ನ ಲೆಕ್ಕ ಬೇರೆ, ಅಲ್ಲಿ ಅದೇ ಹೆಸರು ಆರಾಮಾಗಿ ಕೂರುತ್ತದೆ, ಅದಕ್ಕೇ ಕಳಿಸುವವರೆಗೆ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಹೆಸರಿಡಬೇಡಿ ಅಂತ ನಾನು ಹೇಳಲ್ಲ, ಚಿಕ್ಕದಾಗಿ ಇಡಿ.

ಬರೀ 'ಫೇಲ್ಯೂರ್' ಅಂತ ಬಂದು ಆ ಕಡೆ 0 ಬೈಟ್‌ನ ಫೈಲ್ ಉಳಿದರೆ ಡಿಸ್ಕ್ ಅಥವಾ ಕೋಟಾ ತುಂಬಿದೆಯಾ ಅಂತ ಕೇಳಿ. ಓಪನ್‌ಎಸ್‌ಎಸ್‌ಎಚ್ ಬಳಸುವ ಎಸ್‌ಎಫ್‌ಟಿಪಿ ಆವೃತ್ತಿ 3ರಲ್ಲಿ 'ಜಾಗ ಇಲ್ಲ' ಅಂತ ಹೇಳಲು ಬೇರೆ ಪದವೇ ಇಲ್ಲ, ಪಾಪ.

ವಿನ್‌ಎಸ್‌ಸಿಪಿ ಬಳಸುವವರಿಗೆ ಒಂದೆರಡು ಮಾತು. ಅದರಲ್ಲಿ ಎಸ್‌ಸಿಪಿ ಆರಿಸಿದರೆ ಅದಕ್ಕೆ ಪೂರ್ತಿ ಶೆಲ್ ಬೇಕು, ಇಂಥ ಅಕೌಂಟ್‌ಗೆ ಎಸ್‌ಎಫ್‌ಟಿಪಿಯೇ ಆರಿಸಿ. ಫೈಲ್ ಹೋದ ಮೇಲೆ ಅದರ ಹಳೇ ತಾರೀಖನ್ನು ಕೂರಿಸಲು ನೋಡುತ್ತದೆ, ಸರ್ವರ್ ಬಿಡದಿದ್ದರೆ ಕೆಂಪು ಪೆಟ್ಟಿಗೆ ಬರುತ್ತದೆ. ಗಾಬರಿ ಬೇಡ, ಫೈಲ್ ಹೋಗಿರುತ್ತದೆ, ತಾರೀಖು ಉಳಿಸುವ ಆಯ್ಕೆ ತೆಗೆದರೆ ಆಯಿತು. ಮತ್ತೆ 100 ಕೆಬಿಗಿಂತ ದೊಡ್ಡ ಫೈಲ್‌ಗೆ ಅದು ಮೊದಲು ಹೆಸರಿನ ಕೊನೆಗೆ 'ಫೈಲ್‌ಪಾರ್ಟ್' ಅಂತ ಸೇರಿಸಿ ಕಳಿಸಿ, ಮುಗಿದ ಮೇಲೆ ಹೆಸರು ಬದಲಿಸುತ್ತದೆ. ಹೆಸರು ಬದಲಿಸುವ ಹಕ್ಕು ಕೊಡದ ಸರ್ವರ್‌ಗಳಲ್ಲಿ ಚಿಕ್ಕ ಫೈಲ್ ಹೋಗುತ್ತದೆ, ದೊಡ್ಡದು ಹೋಗಲ್ಲ. ಎಲ್ಲರೂ ನೆಟ್ ಅನ್ನು ಬೈಯುತ್ತಾರೆ. ನಿಜವಾಗಿ ನೆಟ್‌ನದೇ ತಪ್ಪು ಇರುವುದು ಬೇರೆ ಲಕ್ಷಣದಲ್ಲಿ: ತಪ್ಪು ಸಂದೇಶವೇ ಬರದೆ, ಸ್ವಲ್ಪ ಹೋಗಿ 'ಸ್ಟಾಲ್ಡ್' ಅಂತ ನಿಂತುಬಿಡುವುದು. ದಾರಿಯಲ್ಲಿ ಎಲ್ಲೋ ದೊಡ್ಡ ಪ್ಯಾಕೆಟ್ ದಾಟುತ್ತಿಲ್ಲ ಅಂತ ಅರ್ಥ. ಪಿಪಿಪಿಒಇ (ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಜೋಡಿಸುವ) ಬ್ರಾಡ್‌ಬ್ಯಾಂಡ್‌ನಲ್ಲಿ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ, 1500 ಬೈಟ್ ಅಲ್ಲ, ಸಾಮಾನ್ಯವಾಗಿ 1492. ಅದನ್ನು ಇಳಿಸಿ ನೋಡಿ, ಅಥವಾ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಒಮ್ಮೆ ಕಳಿಸಿ ನೋಡಿ.

ನಾಲ್ಕನೇ ದಿನ ಸಂಜೆ ಎಲ್ಲ ರಿಪೋರ್ಟ್ ಹೋದವು. ಹುಡುಗ ಆ ಕ್ಯಾಲ್ಕುಲೇಟರ್ ಲೆಕ್ಕ ಹೇಗೆ ಮಾಡಿದಿರಿ ಅಂತ ಎರಡು ಸಲ ಕೇಳಿ ಬರೆದುಕೊಂಡ. ಒಂದು ತಿಂಗಳಾದ ಮೇಲೆ ಮತ್ತೆ ವಾಟ್ಸಾಪ್ ಬಂತು. ಈ ಸಲ ಬೇರೆ ಗಿರಾಕಿ, ಬೇರೆ ಸರ್ವರ್, ಸಂಖ್ಯೆ 1466264675. ನಾನು ಕ್ಯಾಲ್ಕುಲೇಟರ್ ತೆಗೆಯುವ ಮೊದಲೇ ಇನ್ನೊಂದು ಸಂದೇಶ ಬಂತು.

"ನಾನೇ ಬಿಡಿಸಿದೇನ್ರಿ ಸರ್. ವೆಲ್‌ಕಮ್ ಅನ್ನಾಕತ್ತೈತ್ರಿ, ಆದ್ರ ಒಳಗ ಬಿಡವಲ್ದು."